ಕೆಂಪು ಹಕ್ಕಿಗಳ ದ್ವೀಪಕ್ಕೆ

ಹ್ಯಾರೋ, ಬುಧವಾರ

ಭಾವನವರಿಗೆ ನಮಸ್ಕಾರಗಳು.

ವರ್ಷಾಂತಿಕ ಮುಗಿಯುವವರೆಗೆ ಪ್ರವಾಸ ಹೋಗಬಾರದು, ಬಣ್ಣದ ಸೀರೆ ಉಡಬಾರದು ಎಂದು ಫೋನಿನಲ್ಲಿ ಹೇಳಿದಿರಿ. “ಜನ ಏನಂತಾರಮ್ಮ?” ಎಂದೂ ಕೇಳಿದಿರಿ. ನಾನು ಶನಿವಾರ ಟ್ರಿನಿಡಾಡ್‌ಗೆ ಹೊರಟಿದ್ದೇನೆ. ಅಲ್ಲಿನ ಪಕ್ಷಿಧಾಮದಲ್ಲಿ ಸಂಜೆ ಮರಗಳಿಗೆ ಮರಳುವ ಕೆಂಪು ಐಬಿಸ್ ಹಕ್ಕಿಗಳನ್ನು ಇಬ್ಬರೂ ನೋಡೋಣವೆಂದು ನಿಮ್ಮ ತಮ್ಮ ಆಸ್ಪತ್ರೆಯ ಹಾಸಿಗೆಯಿಂದಲೇ ಟಿಕೆಟ್ ತೆಗೆಸಿದ್ದರು. ಅವರ ಸೀಟು ಖಾಲಿಯಿರಲಿ.

ಹಕ್ಕಿಗಳು ಬೆದರುತ್ತವೆ, ಗಾಢ ಬಣ್ಣದ ಬಟ್ಟೆ ಬೇಡ ಎಂದು ಪಕ್ಷಿಧಾಮ ಸುತ್ತಿಸುವ ದೋಣಿಯವರು ತಿಳಿಸಿದ್ದಾರೆ. ದೋಣಿಯಲ್ಲಿ ಬೂದು ಬಟ್ಟೆಯನ್ನೇ ತೊಡುತ್ತೇನೆ. ಅದು ಹಕ್ಕಿಗಳಿಗಾಗಿ, ಜನರಿಗಾಗಿ ಅಲ್ಲ.

ಕರಿಬೇವಿನ ಗಿಡಕ್ಕೆ ನೀರು ಹಾಕಿ. ಕೀ ಪಕ್ಕದ ಮನೆಯಲ್ಲಿದೆ. ಹೊರಟ ಎಂಟು ದಿನಕ್ಕೆ, ಭಾನುವಾರ ಮರಳುತ್ತೇನೆ. ಹೀಥ್ರೂ ವಿಮಾನ ನಿಲ್ದಾಣಕ್ಕೆ ಕಾರು ತರುವುದಾದರೆ, ಕೆಂಪು ಸೀರೆ ಉಟ್ಟವಳನ್ನು ಹುಡುಕಿ.

ನಿಮ್ಮ ತಮ್ಮನ ಹೆಂಡತಿ,
ಚಂದ್ರಿಕಾ