ಕೆಂಪಿಯ ಹಿಂದಿನ ಸೀಟು

ಮನೆಯಿಂದ,
ಹನ್ನೆರಡನೇ ತಾರೀಖು, ಭಾನುವಾರ ಮಧ್ಯಾಹ್ನ

ಮುದ್ದಿನ ಪುಟ್ಟಿ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಆಸ್ಪತ್ರೆಯಲ್ಲಿ ಊರಿನ ರೋಗಿಗಳನ್ನೆಲ್ಲ ಎತ್ತಿ ಕೂರಿಸುವ ನರ್ಸಮ್ಮನಿಗೆ ತನ್ನ ಬೆನ್ನಿಗೆ ಒಂದಿಷ್ಟು ಎಣ್ಣೆ ಹಚ್ಚಿಕೊಳ್ಳಲು ಪುರುಸೊತ್ತಿಲ್ಲ! ಅಳಿಯಂದಿರ ಕೆಮ್ಮು ಹೇಗಿದೆ? ನಮ್ಮ ಪಿಟೀಲು ರಾಗ ತೆಗೆಯದೆ ಶಾಲೆಗೆ ಹೋಗುತ್ತಿದ್ದಾನೋ? ಹುಟ್ಟಿದ ದಿನದ ಅಳು ಕೇಳಿ ನಿಮ್ಮಪ್ಪ ತಮಾಷೆಗೆ ಇಟ್ಟ ಹೆಸರು ಮೊಮ್ಮಗನಿಗೆ ಹೀಗೆ ಅಂಟಿಕೊಳ್ಳುತ್ತದೆ ಅಂತ ಯಾರಿಗೆ ಗೊತ್ತಿತ್ತು? ನಾವಿಬ್ಬರೂ ಚೆನ್ನಾಗಿದ್ದೇವೆ. ಅಂದರೆ ನಾನು ಚೆನ್ನಾಗಿದ್ದೇನೆ, ನಿಮ್ಮಪ್ಪ ಮೊನ್ನೆಯಿಂದ ಮುಖ ಊದಿಸಿಕೊಂಡಿದ್ದಾರೆ. ಕಾರಣ ನಿನ್ನ ಹತ್ತಿರ ಇರುವ ನಮ್ಮ ಹಳೇ ಕಾರು ಕೆಂಪಿ.

ಮೊನ್ನೆ ಫೋನಿನಲ್ಲಿ, ಹಿಂದಿನ ಸೀಟಿನ ಎಡಗಡೆ ಮಗುವನ್ನು ಕೂರಿಸಬೇಡ, ಆ ಬೆಲ್ಟ್ ಸರಿಯಿಲ್ಲವಂತೆ ಎಂದೆ. ನೀನು 'ಆಯ್ತಮ್ಮ, ಡ್ಯೂಟಿಗೆ ಲೇಟಾಯ್ತು' ಎಂದು ಇಟ್ಟುಬಿಟ್ಟೆ. ನಿನ್ನ 'ಆಯ್ತಮ್ಮ' ಎಂಥದ್ದು ಅಂತ ಹೆತ್ತವಳಿಗೆ ಗೊತ್ತಿಲ್ಲವೇ? ಅದಕ್ಕೇ ಬರೆಯುತ್ತಿದ್ದೇನೆ. ಕೂತು ಪೂರ್ತಿ ಓದು.

ಆ ಎಡಗಡೆ ಒಂದು ಕಾಲಕ್ಕೆ ನಿನ್ನದೇ ಜಾಗ. ಕೆಂಪಿ ಮನೆಗೆ ಬಂದ ವರ್ಷ ನೀನು ಎರಡು ಜಡೆಯ ಹೈಸ್ಕೂಲು ಹುಡುಗಿ. ಅಪ್ಪ ರೇಡಿಯೋ ರಿಪೇರಿ ಅಂಗಡಿ ಮುಚ್ಚಿ ಬಂದವರೇ, ಅಂಗಿಗೆ ಹತ್ತಿದ ಬೆಸುಗೆಯ ವಾಸನೆ ಹೋಗುವ ಮೊದಲೇ ನಮ್ಮನ್ನು ಹತ್ತಿಸಿಕೊಂಡು ಊರಾಚೆಯ ಸೇತುವೆಯವರೆಗೆ ಸುತ್ತಿಸಿಕೊಂಡು ಬರುತ್ತಿದ್ದರು. ಹೊರಡುವ ಮೊದಲು 'ಯಾರೂ ಮಾತಾಡ್ಬೇಡಿ' ಎಂದು ಬೆಲ್ಟುಗಳ ಟಕ್ ಸದ್ದಿಗೆ ಕಿವಿಗೊಡುತ್ತಿದ್ದರು. ನನ್ನದೊಂದು ಟಕ್, ನಿನ್ನದೊಂದು ಟಕ್. ನೀನು ಬೆಲ್ಟ್ ಹಾಕದೆ ನಾಲಿಗೆಯಲ್ಲೇ ಸದ್ದು ಮಾಡಿದರೆ 'ಇದು ಡೂಪ್ಲಿಕೇಟ್ ಮಾಲು' ಎಂದು ಹಿಡಿದುಬಿಡುತ್ತಿದ್ದರು. ಎಷ್ಟು ನಗುತ್ತಿದ್ದೆವು! ವಾಪಸು ಬರುವಾಗ ನೀನು ಕಿಟಕಿಗೆ ತಲೆಯಾನಿಸಿ ನಿದ್ದೆ ಹೋಗುತ್ತಿದ್ದೆ, ಗಾಜಿನ ಮೇಲೆಲ್ಲ ನಿನ್ನ ತಲೆಯೆಣ್ಣೆ. ಮದುವೆಯಾಗಿ ನೀನು ಕೆಂಪಿಯಲ್ಲಿ ಹೊರಟ ಬೆಳಿಗ್ಗೆ ಅಪ್ಪ ಕಾರನ್ನೆಲ್ಲ ತೊಳೆದರು, ಆ ಗಾಜೊಂದನ್ನು ಮಾತ್ರ ಒರೆಸಲಿಲ್ಲ. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ.

ಈಗ ತೊಂದರೆ ಇರುವುದೇ ಆ ಟಕ್ಕಿನಲ್ಲಿ. ಆ ವರ್ಷ ತಯಾರಾದ ಕಾರುಗಳಲ್ಲಿ ಎಡಗಡೆಯ ಬೆಲ್ಟಿನ ಕೊಂಡಿ ಸದ್ದು ಮಾಡಿದರೂ ಪೂರ್ತಿ ಕಚ್ಚಿಕೊಳ್ಳುವುದಿಲ್ಲವಂತೆ. ಜೋರಾಗಿ ಬ್ರೇಕ್ ಹಾಕಿದರೆ ಬಿಟ್ಟುಕೊಳ್ಳಬಹುದಂತೆ. ಪಿಟೀಲಿನ ಪುಟ್ಟ ಸೀಟನ್ನು ನೀನು ಬಿಗಿದಿರುವುದು ಅದೇ ಬೆಲ್ಟಿನಿಂದ ಅಂತ ನೆನಪಾದ ಕೂಡಲೇ ನಿನಗೆ ಫೋನ್ ಮಾಡಿದ್ದೆ.

ಇದು ಗೊತ್ತಾದದ್ದು ಎದುರುಮನೆ ಟೀಚರಿಂದ. ಅವರದೂ ಅದೇ ಕಾರು. ಕಂಪನಿಯವರೇ ಫೋನ್ ಮಾಡಿ ಕರೆಸಿ, ಕೊಂಡಿ ಬದಲಾಯಿಸಿ, ಒಂದು ಕಾಸೂ ತೆಗೆದುಕೊಳ್ಳದೆ ಊಟದ ಹೊತ್ತಿಗೆ ಕೀ ಕೈಗೆ ಕೊಟ್ಟರಂತೆ. 'ನಿಮಗೂ ಫೋನ್ ಬಂದಿರ್ಬೇಕಲ್ಲ?' ಎಂದರು. ಒಳಗೆ ಬಂದು ನಿಮ್ಮಪ್ಪನನ್ನು ಕೇಳಿದರೆ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡರು. ಗದರಿಸಿದ ಮೇಲೆ ಬಾಯಿಬಿಟ್ಟರು. ಬೇಸಿಗೆಯಲ್ಲೇ ಫೋನ್ ಬಂದಿತ್ತಂತೆ! ಹಳೇ ಗಾಡಿ ಅವರ ಕೈಗೆ ಸಿಕ್ಕರೆ ಒಂದಕ್ಕೆ ಹತ್ತು ದೋಷ ಹೇಳಿ ಓಡಿಸಲೇಬೇಡಿ ಅಂದುಬಿಡುತ್ತಾರೆ ಎಂದು ಹೆದರಿ, ಈ ಮಹಾನುಭಾವರು 'ಆ ಗಾಡಿ ಗುಜರಿಗೆ ಹಾಕಿ ಆಯ್ತಮ್ಮ' ಎಂದು ಹಸೀ ಸುಳ್ಳು ಹೇಳಿದರಂತೆ. ಆಮೇಲೆ ಅವರು ಯಾಕೆ ಕರೆಯುತ್ತಾರೆ? ಕೊಂಡಿಯ ವಿಷಯ ಹೇಳುವಷ್ಟೂ ಅವಕಾಶ ಕೊಡದೆ ಇಟ್ಟಿದ್ದಾರೆ. ನನಗೆ ಮೈಯೆಲ್ಲ ಉರಿದುಹೋಯಿತು. ಕಾರು ಹೆಚ್ಚೋ ಮೊಮ್ಮಗ ಹೆಚ್ಚೋ ಎಂದು ಕೇಳಿಬಿಟ್ಟೆ. ಕಣ್ಣು ತುಂಬಿಕೊಂಡರು. ಪಾಪ ಅನ್ನಿಸಿತು, ಆದರೂ ಬಿಡದೆ ಕಂಪನಿಯ ವರ್ಕ್‌ಶಾಪಿಗೆ ಎಳೆದುಕೊಂಡು ಹೋದೆ.

ಕೌಂಟರಿನ ಹುಡುಗಿ ಚಾಸಿ ನಂಬರ್ ಹಾಕಿ ನೋಡಿ, 'ನಿಮ್ಮ ಗಾಡಿನೂ ಪಟ್ಟಿಲಿದೆ ಅಮ್ಮ, ಆದ್ರೆ ಗುಜರಿ ಅಂತ ಬರ್ದಿದೆಯಲ್ಲ' ಎಂದಳು. ನಿಮ್ಮಪ್ಪ ಗೋಡೆಯ ಕ್ಯಾಲೆಂಡರ್ ಓದುತ್ತ ನಿಂತುಬಿಟ್ಟರು. ಅವಳು ಹೇಳಿದ್ದನ್ನು ಚೆನ್ನಾಗಿ ಕಿವಿಗೆ ಹಾಕಿಕೋ. ಕಾರು ಹಳೆಯದಾದರೂ, ಕೈ ಬದಲಾಗಿದ್ದರೂ ರಿಪೇರಿಗೆ ದುಡ್ಡಿಲ್ಲ. ಅವರದೇ ಯಾವ ವರ್ಕ್‌ಶಾಪಿನಲ್ಲಾದರೂ ನಂಬರ್ ಹೇಳಿದರೆ ಮಾಡಿಕೊಡುತ್ತಾರೆ. ಮೂಲೆ ಅಂಗಡಿಯ ಮೆಕ್ಯಾನಿಕ್ ಹತ್ತಿರ ಬಿಗಿ ಮಾಡಿಸಿದರೆ ಸಾಲದು, ಕೊಂಡಿಯೇ ಹೊಸದಾಗಬೇಕು. ಅಲ್ಲಿಯವರೆಗೆ ಆ ಜಾಗದಲ್ಲಿ ಯಾರೂ ಕೂರಬಾರದು, ಮಗುವಿನ ಸೀಟನ್ನು ಬಲಗಡೆಗೆ ಹಾಕು, ಅದು ಸರಿಯಿದೆಯಂತೆ. ಇಂಥ ಸುದ್ದಿಯೆಲ್ಲ ಕಾರು ಯಾರ ಹೆಸರಿನಲ್ಲಿದೆಯೋ ಅವರಿಗೇ ಹೋಗುವುದಂತೆ. ನೀನು ಎಷ್ಟು ಸಲ ಕೇಳಿದರೂ ನಿಮ್ಮಪ್ಪ 'ಮಾಡೋಣ, ಏನವಸರ' ಅನ್ನುತ್ತ ಕೆಂಪಿಯನ್ನು ತಮ್ಮ ಹೆಸರಿನಲ್ಲೇ ಇಟ್ಟುಕೊಂಡಿದ್ದಾರಲ್ಲ, ಅದರ ಫಲ ಇದು. ಗುಜರಿಯನ್ನು ಅಳಿಸಿ ಹಾಕಿಸಿದ್ದೇನೆ. ಇಪ್ಪತ್ತನೇ ತಾರೀಖು ಸೋಮವಾರ ಬೆಳಿಗ್ಗೆ ನಿಮ್ಮೂರಿನ ವರ್ಕ್‌ಶಾಪಿನಲ್ಲಿ ಹೇಳಿಯೂ ಇಟ್ಟಿದ್ದೇನೆ. ರಜೆ ಹಾಕು, ನೆಪ ಹೇಳಬೇಡ.

ಪಿಟೀಲಿನ ಎರಡೂ ಕೆನ್ನೆಗೆ ನನ್ನ ಮುತ್ತು. ಅಳಿಯಂದಿರಿಗೆ ಬಿಸಿನೀರು ಕುಡಿಯಲು ಹೇಳು. ಹೋದ ದಾರಿಯಲ್ಲೆಲ್ಲ ಮೂವರೂ ಸುಖವಾಗಿರಿ, ನನ್ನ ತಾಯಿ.

ಇಂತಿ,
ಸದಾ ಗದರುವ ನಿನ್ನ ಅಮ್ಮ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ನಿಮ್ಮಪ್ಪ ತಾವಾಗಿಯೇ ಇನ್ನೊಂದು ಕಾಗದ ತಂದಿಟ್ಟರು. ಕೆಂಪಿಯನ್ನು ನಿನ್ನ ಹೆಸರಿಗೆ ಮಾಡುವ ಅರ್ಜಿ. 'ಇನ್ಮೇಲೆ ಅವರು ಏನೇ ಹೇಳೋದಿದ್ರೂ ಅವಳಿಗೇ ಹೇಳ್ಲಿ' ಎಂದರು. ಸಹಿ ಅಂಕುಡೊಂಕಾಗಿದೆ. ಪೆನ್ನು ಸರಿಯಿಲ್ಲ ಅಂದರು. ಇಷ್ಟುದ್ದದ ಕಾಗದವನ್ನು ನಾನು ಬರೆದದ್ದು ಅದೇ ಪೆನ್ನಿನಲ್ಲಿ. ನೀನು ಏನೂ ಕೇಳಲು ಹೋಗಬೇಡ, ಕೆಳಗೆ ನಿನ್ನ ಸಹಿ ಹಾಕು.