ನಿಮ್ಮನ್ನು ಸ್ವಾಗತಿಸುತ್ತ ಗೈರಾದ ಹನ್ನೆರಡು ಹುಡುಗಿಯರು

ತಾಲೂಕಿನ ಶಿಕ್ಷಣಾಧಿಕಾರಿಗಳಾದ ಮಾನ್ಯರೇ,

ನಮ್ಮೂರ ಸರಕಾರಿ ಹಿರಿಯ ಪ್ರಾಥಮಿಕ ಶಾಲೆಯ ಹನ್ನೆರಡು ಹುಡುಗಿಯರು ಕಳೆದ ಆಗಸ್ಟಿನ ತಾಲೂಕು ಮಟ್ಟದ ಖೋಖೋ ಪಂದ್ಯಕ್ಕೆ ಗೈರುಹಾಜರಾಗಿದ್ದರು ಎಂದು ನಿಮ್ಮ ದಾಖಲೆ ಹೇಳುತ್ತದೆ. ಅವರು ಗೈರಾಗಿರಲಿಲ್ಲ. ಅದೇ ಮೈದಾನದ ಬಾಗಿಲಲ್ಲಿ, ತಲೆಯ ಮೇಲೆ ಕುಂಭ ಹೊತ್ತುಕೊಂಡು, ನಿಮ್ಮ ದಾರಿ ಕಾಯುತ್ತಿದ್ದರು. ಇಷ್ಟನ್ನು ನಿಮ್ಮ ಕಚೇರಿಗೆ ತಿಳಿಸಲು ನಾನು ಮೂರು ಅರ್ಜಿ ಕೊಟ್ಟೆ, ನಾಲ್ಕು ಸಲ ಬಸ್ಸು ಹತ್ತಿ ಬಂದೆ. ಉಪಯೋಗವಾಗಲಿಲ್ಲ. ಹಾಗಾಗಿ ಈಗ ಹತ್ತು ಮಂದಿಗೆ ಕೇಳುವ ಹಾಗೆ ಹೇಳುತ್ತಿದ್ದೇನೆ.

ನಾನು ಹೊಲಿಗೆ ಕೆಲಸದವನು. ನನ್ನ ಮಗಳು ರುಬಿಯಾ ಈ ಶಾಲೆಯಲ್ಲಿ ಏಳನೆಯ ತರಗತಿ. ಶಾಲೆಗೆ ದೈಹಿಕ ಶಿಕ್ಷಕರಿಲ್ಲ. ಆ ಹುದ್ದೆ ಆರು ವರ್ಷದಿಂದ ಖಾಲಿ ಇದೆ ಎಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಗಣಿತದ ಮಾಸ್ತರರು ಮೊಬೈಲಿನಲ್ಲಿ ಆಟದ ನಿಯಮ ನೋಡಿಕೊಂಡು, ಶಾಲೆಯ ಹಿಂದಿನ ಕಪ್ಪು ಎರಿ ನೆಲದಲ್ಲಿ ಎರಡು ಜಾಲಿ ಕಂಬ ಹುಗಿದು, ಈ ಹುಡುಗಿಯರಿಗೆ ಖೋಖೋ ಕಲಿಸಿದರು. ಮಳೆ ಬಂದರೆ ಕಾಲಿಗೆ ಸೇರುಗಟ್ಟಲೆ ಮಣ್ಣು ಮೆತ್ತುವ ನೆಲ ಅದು. ಅಲ್ಲಿ ಓಡಿ ಕಲಿತವರಿಗೆ ಬೇರೆ ಯಾವ ನೆಲವೂ ಹಗುರ. ವಲಯ ಮಟ್ಟದಲ್ಲಿ ಒಂದೂ ಪಂದ್ಯ ಸೋಲದೆ ಬಂದರು. ಆ ಖುಷಿಗೆ ನಾನು ಹನ್ನೆರಡು ನೀಲಿ ಜರ್ಸಿ ಹೊಲಿದೆ, ಬೆನ್ನಿಗೊಂದು ತೋಳಿಗೊಂದು ಬಿಳಿ ಅಂಕಿ ಕತ್ತರಿಸಿ ಹಚ್ಚಿದೆ. ರುಬಿಯಾಳದು ಏಳನೆಯ ನಂಬರು. ನಾಯಕಿ ಶಿವಾನಿಯದು ಒಂದು.

ತಾಲೂಕು ಪಂದ್ಯದ ದಿನ ನಾವು ಎಂಟು ಗಂಟೆಗೇ ಮೈದಾನ ಮುಟ್ಟಿದೆವು. ಬೇಗ ಬಂದದ್ದೇ ನಮ್ಮ ಮೊದಲ ತಪ್ಪು. ಒಂಬತ್ತೂವರೆಗೆ ತಾವು ಬಂದು ಉದ್ಘಾಟಿಸಬೇಕಿತ್ತು. ಆ ಊರಿನ ಶಾಲೆಯ ಹುಡುಗಿಯರೆಲ್ಲ ಸ್ವಾಗತ ನೃತ್ಯಕ್ಕೆ ಸಿಂಗರಿಸಿಕೊಳ್ಳುತ್ತಿದ್ದರಿಂದ ಕುಂಭ ಹೊರಲು ಮಕ್ಕಳು ಕಡಿಮೆ ಬಿದ್ದರು. ಅಲ್ಲಿ ಕಲಿಸುವ ಅಕ್ಕೋರು ನಮ್ಮ ತಂಡದ ಹತ್ತಿರ ಬಂದು, "ಇವು ಎಲ್ಲಾ ಒಂದ ಎತ್ತರ ಅದಾವ, ಸಾಲ್ನ್ಯಾಗ ನಿಂತ್ರ ಚಂದ ಕಾಣ್ತಾವ. ಹತ್ತ ಮಿನಿಟಿನ ಕೆಲಸ ಐತ್ರಿ" ಅಂದರು. ಗಂಟಿನಿಂದ ಹನ್ನೆರಡು ಸೀರೆ ಬಂದವು. ಒಂಬತ್ತು ಮಂದಿಗೆ ಕುಂಭ, ಮೂವರಿಗೆ ಆರತಿ ತಟ್ಟೆ. ಜರ್ಸಿಯ ಮೇಲೆಯೇ ಸೀರೆ ಸುತ್ತಿದರು. ಜಾರದ ಹಾಗೆ ಪಿನ್ನು ಹಾಕಲು ಒಬ್ಬ ಟೇಲರ್ ಅಲ್ಲಿಯೇ ಇದ್ದನಲ್ಲ! ನನ್ನ ಕೈಯಾರೆ ಪಿನ್ನು ಹಾಕಿದೆ. ಮಗಳು ಇಷ್ಟು ಚಂದ ಕಾಣುತ್ತಾಳೆಂದು ಒಳಗೊಳಗೇ ಹಿಗ್ಗಿದೆ ಕೂಡ. ಇದನ್ನು ಮುಚ್ಚಿಟ್ಟು ನಿಮ್ಮೊಬ್ಬರನ್ನೇ ಬೈದರೆ ನನಗೆ ರಾತ್ರಿ ನಿದ್ದೆ ಬರುವುದಿಲ್ಲ.

ಒಂಬತ್ತೂವರೆ ಆಯಿತು, ಹತ್ತಾಯಿತು. "ಕೆಲವೇ ಕ್ಷಣಗಳಲ್ಲಿ ಮಾನ್ಯರು ಆಗಮಿಸಲಿದ್ದಾರೆ" ಎಂದು ಮೈಕು ಹೇಳುತ್ತಲೇ ಇತ್ತು. ಆ ದಿನ ಬೇರೊಂದು ಕಡೆ ತಮ್ಮ ಸನ್ಮಾನವಿತ್ತೆಂದು ಆಮೇಲೆ ತಿಳಿಯಿತು. ಸಂಜೆಯೊಳಗೆ ಮುಗಿಯಬೇಕೆಂದು ಹತ್ತೂವರೆಗೆ ಉದ್ಘಾಟನೆ ಇಲ್ಲದೆಯೇ ಪಂದ್ಯ ಶುರು ಮಾಡಿದರು. ಆಗ ಅದೇ ಮೈಕು ನಮ್ಮ ಶಾಲೆಯ ಹೆಸರು ಕೂಗಿತು.

ಮೊದಲು ಕೇಳಿಸಿಕೊಂಡವಳು ಶಿವಾನಿ. ತಲೆ ಅಲುಗಿಸದೆ ಅಂದಳು: "ಅಕ್ಕೋರ, ನಮ್ಮ ಪಾಳಿ ಕರ್ಯಾಕತ್ತಾರ್ರಿ. ಕೊಡ ಇಳಸ್ಲೇನ್ರಿ?"

"ಹೊತ್ತ ಕುಂಭ ದೊಡ್ಡವರು ಬರೂ ಮುಂಚೆ ಇಳಸಬಾರ್ದವಾ. ಅಪಶಕುನ ಆಕ್ಕೈತಿ. ಸಾಹೇಬ್ರು ಇಲ್ಲೇ ಕ್ರಾಸಿನ್ಯಾಗ ಅದಾರಂತ."

ಮಾನ್ಯರೇ, ನಮ್ಮ ಕಡೆ ಈ ನಂಬಿಕೆ ಇದೆ, ನಾನು ಅಲ್ಲಗಳೆಯುವುದಿಲ್ಲ. ತುಂಬಿದ ಕುಂಭ ಹೊತ್ತ ಮೇಲೆ ಬರುವವರು ಬಂದು ಹಾಯುವ ತನಕ ನೆಲಕ್ಕೆ ಇಡುವುದಿಲ್ಲ. ಆದರೆ ಈ ಪದ್ಧತಿ ಮಾಡಿದ ಹಿರಿಯರ ಕಾಲದಲ್ಲಿ ಬರುವವರು ಹೊತ್ತಿಗೆ ಸರಿಯಾಗಿ ಬರುತ್ತಿದ್ದರು ಎಂದು ಕಾಣುತ್ತದೆ. ಎರಡು ತಾಸು ಇಪ್ಪತ್ತು ಮಿನಿಟು ತಡವಾಗಿ ಬರುವ ಅತಿಥಿಯ ಬಗ್ಗೆ ಅವರು ಏನೂ ಹೇಳಿ ಹೋಗಿಲ್ಲ. ಹೇಳಿದ್ದರೆ ಕುಂಭದ ಜೊತೆಗೆ ಒಂದು ಸ್ಟೂಲನ್ನೂ ಇಡಲು ಹೇಳುತ್ತಿದ್ದರೋ ಏನೋ.

ಎರಡನೆಯ ಸಲ ಮೈಕು ಕೂಗಿದಾಗ ಶಿವಾನಿಯ ತಾಯಿ ಮರೆವ್ವ ಎದ್ದು ಬಂದಳು. ಕಳೆ ತೆಗೆಯುವ ಕೂಲಿ ಬಿಟ್ಟು ಮಗಳ ಆಟ ನೋಡಲು ಬಂದವಳು. "ಅಪಶಕುನ ಆಗೂದ್ ಬ್ಯಾಡ್ರಿ. ಆ ಕೊಡ ನನ್ನ ತಲಿ ಮ್ಯಾಲ ಒಂದು, ಇಲ್ಲಿ ಕುಂತ ಹೆಣ್ಣುಮಕ್ಕಳ ತಲಿ ಮ್ಯಾಲ ಒಂದೊಂದು ಇಡ್ರಿ, ಸಾಹೇಬ್ರು ಬರೂ ಮಟ ನಾವ ಹೊರತೀವಿ. ಹುಡುಗ್ಯಾರು ಹೋಗಿ ಆಡ್ಲಿ" ಅಂದಳು. ಅಕ್ಕೋರು ಅವಳ ಸೀರೆಯನ್ನು ಮೇಲಿನಿಂದ ಕೆಳಗೆ ನೋಡಿ, "ಫೋಟೋ ತಗೀತಾರವಾ" ಅಂದರು. ಅಷ್ಟೇ. ಮರೆವ್ವ ನನ್ನ ಕಡೆ ತಿರುಗಿದಳು. ಓದು ಬರಹ ಬಲ್ಲವನು ನಾನು, ಏನಾದರೂ ಅಂದೇನು ಎಂದು. ನಾನು ಅಂದದ್ದು, "ತಡಿಯವಾ, ದೊಡ್ಡವರು ಬರೂ ಹೊತ್ತು." ಆ ಮಾತು ಈಗಲೂ ನನ್ನ ಬಾಯಲ್ಲಿ ಕಹಿಯಾಗಿ ಉಳಿದಿದೆ.

ಮೂರನೆಯ ಕರೆಯೂ ಆಯಿತು. ಗಣಿತದ ಮಾಸ್ತರರು ತೀರ್ಪುಗಾರರ ಮುಂದೆ ಕೈ ಜೋಡಿಸಿ, "ಅಲ್ಲೇ ನಿಂತಾವ್ರಿ ಮಕ್ಕಳು, ಕಣ್ಣಿಗೆ ಕಾಣ್ತಾವಲ್ರಿ" ಎಂದು ಬೇಡಿಕೊಂಡರು. ತೀರ್ಪುಗಾರರು, "ಅಂಕಣದಾಗ ಇಲ್ಲಲ್ರಿ. ನಿಯಮ ಅಂದ್ರ ನಿಯಮ" ಎಂದು ಎದುರು ತಂಡವನ್ನು ಗೆಲ್ಲಿಸಿಬಿಟ್ಟರು. ತಾವು ದಯಮಾಡಿಸಿದ್ದು ಹನ್ನೊಂದು ಐವತ್ತಕ್ಕೆ. ಕಿವಿಗೆ ಮೊಬೈಲು ಹಿಡಿದೇ ಹುಡುಗಿಯರ ಸಾಲು ದಾಟಿದಿರಿ. ಫೋಟೋದವನು ಕರೆದಾಗ ಮಾತ್ರ ಹಿಂದೆ ಬಂದು, ನಡುವೆ ನಿಂತು, ಕೈ ಮುಗಿದಿರಿ. ಆಮೇಲೆ ವೇದಿಕೆಯಲ್ಲಿ ಹೆಣ್ಣುಮಕ್ಕಳು ಕ್ರೀಡೆಯಲ್ಲಿ ಮುಂದೆ ಬರಬೇಕು, ಸಮಯಪಾಲನೆಯೇ ಕ್ರೀಡೆಯ ಜೀವಾಳ ಎಂದು ನಲವತ್ತು ಮಿನಿಟು ಮಾತಾಡಿದಿರಿ. ಹುಡುಗಿಯರು ಸೀರೆ ಬಿಚ್ಚಿ ಕೊಟ್ಟು, ನೀಲಿ ಜರ್ಸಿಯಲ್ಲಿ ಕುಳಿತು, ನಿಮ್ಮ ಭಾಷಣಕ್ಕೆ ಚಪ್ಪಾಳೆ ತಟ್ಟಿದರು. ಹೇಳಿದ ಹಾಗೆ ಕೇಳುವುದನ್ನು ನಾವು ಅಷ್ಟು ಚೆನ್ನಾಗಿ ಕಲಿಸಿದ್ದೇವೆ.

ಇಲ್ಲಿಗೇ ಮುಗಿದಿದ್ದರೆ ನಸೀಬು ಎಂದು ಸುಮ್ಮನಾಗುತ್ತಿದ್ದೆ. ಹೋದ ತಿಂಗಳು ಶಾಲೆಯ ಫಲಕಕ್ಕೆ ವರ್ಷದ ವರದಿ ಅಂಟಿಸಿದರು. ತಲೆಬರಹ "ವಿದ್ಯಾರ್ಥಿಗಳ ಚಟುವಟಿಕೆಗಳು ಮತ್ತು ಸಾಧನೆಗಳು". ಅದರಲ್ಲಿ ಒಂದು ಸಾಲು: ಖೋಖೋ, ಬಾಲಕಿಯರು, ತಾಲೂಕು ಮಟ್ಟ, ಗೈರುಹಾಜರು. ಅದರ ಕೆಳಗಿನ ಸಾಲು: ಗಣ್ಯರಿಗೆ ಪೂರ್ಣಕುಂಭ ಸ್ವಾಗತ, ಉತ್ತಮ. ಒಂದೇ ದಿನ, ಒಂದೇ ಮೈದಾನ, ಅದೇ ಹನ್ನೆರಡು ಮಕ್ಕಳು. ಮೇಲಿನ ಸಾಲಿನಲ್ಲಿ ಬಂದೇ ಇಲ್ಲ, ಕೆಳಗಿನ ಸಾಲಿನಲ್ಲಿ ಉತ್ತಮವಾಗಿ ನಿಂತಿದ್ದಾರೆ. ಗಣಿತದ ಮಾಸ್ತರರೂ ಈ ಲೆಕ್ಕ ಬಿಡಿಸಲಾರರು. ಅದರ ಜೊತೆಗೆ ನಿಮ್ಮ ಸುತ್ತೋಲೆ: ಸಕಾರಣವಿಲ್ಲದೆ ಗೈರಾದ ಶಾಲೆಯ ತಂಡಕ್ಕೆ ಮುಂದಿನ ವರ್ಷ ಅವಕಾಶವಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ತಡವಾಗಿ ಬಂದವರು ತಾವು, ಬರೆ ಬಿದ್ದದ್ದು ನಮ್ಮ ಮಕ್ಕಳಿಗೆ. ರುಬಿಯಾ, ಶಿವಾನಿ ಬರುವ ವರ್ಷ ಎಂಟನೆಯ ತರಗತಿ. ನಮ್ಮ ಶಾಲೆಯಲ್ಲಿ ತರಗತಿಗಳು ಅಲ್ಲಿಗೆ ಮುಗಿಯುತ್ತವೆ. ಈ ತಂಡವಾಗಿ ಆಡಲು ಅವರಿಗೆ ಉಳಿದಿರುವುದು ಅದೊಂದೇ ವರ್ಷ. ಫಲಕ ಓದಿ ಬಂದ ದಿನ ರುಬಿಯಾ ಕೇಳಿದಳು: "ಅಬ್ಬಾ, ಗೈರಹಾಜರ್ ಅಂದ್ರ ನಾವು ಮನ್ಯಾಗ ಕುಂತಿದ್ವಿ ಅಂತೇನು?" ನಾನು ಮಶೀನು ತುಳಿಯುತ್ತಲೇ ಇದ್ದೆ.

ಕೊನೆಯ ಸಲ ನಿಮ್ಮ ಕೋಣೆಗೆ ಬಂದಾಗ ತಾವು ಅರ್ಜಿಯನ್ನು ಓದಿದಿರಿ, ಅದಕ್ಕೆ ಕೃತಜ್ಞ. "ದಾಖಲೆ ತಿದ್ದಾಕ ಬರೂದಿಲ್ಲ. ಮಕ್ಕಳು ಅಲ್ಲಿ ಇದ್ರು ಅನ್ನಾಕ ಪುರಾವೆ ಏನೈತಿ?" ಎಂದು ಕೇಳಿದಿರಿ. ನನ್ನ ಕಣ್ಣು ನಿಮ್ಮ ತಲೆಯ ಮೇಲಕ್ಕೆ ಹೋಯಿತು. ಪುರಾವೆ ಇಲ್ಲವೆಂದು ತಾವು ತಿಳಿದಿರಬೇಕು. ನಾನು ನಿಮ್ಮ ಕುರ್ಚಿಯ ಹಿಂದಿನ ಗೋಡೆ ನೋಡುತ್ತಿದ್ದೆ. ಅಲ್ಲಿ, ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದ ಫೋಟೋ ಇತ್ತು. ನಡುವೆ ತಾವು, ಕೈ ಮುಗಿದು. ಎರಡೂ ಬದಿಗೆ ಹನ್ನೆರಡು ಹುಡುಗಿಯರು. ಎಡಗಡೆಯಿಂದ ಮೂರನೆಯವಳ ಸೆರಗು ತುಸು ಜಾರಿದೆ, ನನ್ನ ಪಿನ್ನು ಹಿಡಿದಿಲ್ಲ. ಅಲ್ಲಿ ನೀಲಿ ತೋಳು, ತೋಳಿನ ಮೇಲೆ ಬಿಳಿ ಬಟ್ಟೆಯ ಏಳು ಕಾಣುತ್ತದೆ. ಅಂಗೈ ಹುಣ್ಣಿಗೆ ಕನ್ನಡಿ ಏಕೆ, ಮಾನ್ಯರೇ? ಆದರೆ ಅದನ್ನು ಬೆರಳು ಮಾಡಿ ತೋರಿಸುವ ಧೈರ್ಯ ಆ ದಿನವೂ ನನಗೆ ಬರಲಿಲ್ಲ. ಸಲಾಮು ಮಾಡಿ ಹೊರಗೆ ಬಂದೆ. ಆ ನಾಚಿಕೆಯೇ ಈ ಪತ್ರ ಬರೆಸುತ್ತಿದೆ.

ನಾನು ಕೇಳುವುದು ಇಷ್ಟು. "ಗೈರುಹಾಜರು" ಎಂಬುದನ್ನು ಹೊಡೆದು ಹಾಕಿ, "ಅಧಿಕಾರಿಗಳ ಸ್ವಾಗತಕ್ಕೆ ನಿಲ್ಲಿಸಲಾಗಿತ್ತು" ಎಂದು ನಿಮ್ಮ ಕೈಯಿಂದಲೇ ಬರೆಯಿರಿ. ಮುಂದಿನ ವರ್ಷ ಈ ಮಕ್ಕಳನ್ನು ಆಡಲು ಬಿಡಿ. ಆಡಲು ಬಂದ ಮಕ್ಕಳ ತಲೆಯ ಮೇಲೆ ಇನ್ನು ಯಾರೂ ಕುಂಭ ಇಡಬಾರದೆಂದು ಇನ್ನೊಂದು ಸುತ್ತೋಲೆ ಕಳಿಸಿ. ಬರುವ ಸೋಮವಾರ ಹತ್ತೂವರೆಗೆ ಹನ್ನೆರಡು ಹುಡುಗಿಯರೂ ನೀಲಿ ಜರ್ಸಿಯಲ್ಲಿ ನಿಮ್ಮ ಕಚೇರಿಗೆ ಬರುತ್ತಾರೆ. ಮರೆವ್ವ ಬರುತ್ತಾಳೆ, ನಾನೂ ಬರುತ್ತೇನೆ. ಕುಂಭ ಇರುವುದಿಲ್ಲ, ಆರತಿಯೂ ಇಲ್ಲ. ಬಾಗಿಲಲ್ಲಿ ನಿಂತು ಮೂರು ಸಲ ಕರೆಯುತ್ತೇವೆ. ದಯವಿಟ್ಟು ಹಾಜರಿರಿ.

ಇಂತಿ,
ನಿಮ್ಮ ಸ್ವಾಗತದ ಸೀರೆಗಳಿಗೆ ಕೈಯಾರೆ ಪಿನ್ನು ಚುಚ್ಚಿದವನು,
ಏಳನೆಯ ನಂಬರಿನ ತಂದೆ,
ರಹಿಮಾನಸಾಬ, ಟೇಲರ್