ಹೆಸರಿಗಾಗಿ ಕಾದ ಸಭೆ

ಪ್ರೀತಿಯ ತಮ್ಮಾ,

ನಮ್ಮ ಪುಟ್ಟ ಪಾಡ್‌ಕಾಸ್ಟ್ ಕಂಪನಿಗೆ ನಿನ್ನೆ ಈ ಪರದೇಶದ ಉತ್ಸವದಲ್ಲಿ ಮೊದಲ ಬಹುಮಾನ ಬಂತು ಕಣೋ! ತುಂಬಿದ ಸಭೆಯಲ್ಲಿ ದೀಪ ಆರಿಸಿ ನಿನ್ನ ಧ್ವನಿ ಕೇಳಿಸಿದರು. ನಿನ್ನ ಹೆಸರು ಹೇಳುವಾಗ ತೊದಲಿ ನಿಂತಿದ್ದೆಯಲ್ಲ, ‘ಅಕ್ಕಾ, ಅದನ್ನ ಕತ್ತರಿಸಿಬಿಡು, ಮಾನ ಹೋಗತ್ತೆ’ ಅಂತ ಹಟ ಹಿಡಿದಿದ್ದೆಯಲ್ಲ, ಅದೇ ಕಂತು. ನಮ್ಮ ಭಾಷೆ ಬಾರದ ಅಷ್ಟೂ ಜನ ಪರದೆಯ ಮೇಲಿನ ಅನುವಾದ ಓದುತ್ತಾ ಉಸಿರು ಬಿಗಿಹಿಡಿದು ಕಾದರು. ಕೊನೆಗೆ ಹೆಸರು ಬಾಯಿಂದ ಬಂದದ್ದೇ ತಡ, ಚಪ್ಪಾಳೆಯೋ ಚಪ್ಪಾಳೆ! ಪಕ್ಕದಲ್ಲಿದ್ದ ಅಜ್ಜಿ ‘ಯಾರಮ್ಮ ಈ ಹುಡುಗ?’ ಎಂದು ಕೇಳಿದರು. ‘ನನ್ನ ತಮ್ಮ’ ಎಂದು ಹಿಂದಿನ ಸಾಲಿಗೂ ಕೇಳುವಂತೆ ಹೇಳಿದೆ.

ಹೊಸ ಸರಣಿಯೊಂದು ಸಿಕ್ಕಿದೆ, ಇನ್ನಿಬ್ಬರನ್ನು ಕೆಲಸಕ್ಕೆ ಸೇರಿಸಿಕೊಳ್ಳಬಹುದು. ಚಪ್ಪಲಿ ಕಚ್ಚಿ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿದೆ, ಉಳಿದಂತೆ ಆರಾಮ. ಮೈಕ್ ಬಿಡುತ್ತೇನೆ ಎಂದು ಇನ್ನೊಮ್ಮೆ ಅಂದೀಯೆ, ಬಂದು ಕಿವಿ ಹಿಂಡುತ್ತೇನೆ.

ಕಾರ್ಡಿನಲ್ಲಿ ಜಾಗ ಮುಗಿಯಿತು,
ನಿನ್ನಕ್ಕ